ಜನ ಮಾಡಿಕೊಂಡ ಉಪಾಯದಿಂದ ಶುರು ಮಾಡಿ

ಪ್ರಶ್ನೆ: ಮನೆಬಳಕೆಯ ಸಣ್ಣ ಯಂತ್ರಗಳನ್ನು ತಯಾರಿಸುವ ಕಂಪನಿಯೊಂದರ ಬ್ರ್ಯಾಂಡ್ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಇಷ್ಟು ದಿನ ಶ್ರೀಮಂತ ದೇಶಗಳಲ್ಲಿ, ದೊಡ್ಡ ನಗರಗಳಲ್ಲಿ ಮಾರುತ್ತಿದ್ದೆವು. ಈಗ ಬೆಳೆಯುತ್ತಿರುವ ಮಾರುಕಟ್ಟೆಗಳಿಗೆ ಹೋಗಬೇಕು ಅಂತ ತೀರ್ಮಾನವಾಗಿದೆ. ಮೀಟಿಂಗ್‌ನಲ್ಲಿ ಎರಡೇ ಮಾತು ಕೇಳಿಬರುತ್ತವೆ: ಬೆಲೆ ಇಳಿಸಿ, ಎಐ ಸೇರಿಸಿ. ಇದಿಷ್ಟೇನಾ? ಬೇರೆ ಬ್ರ್ಯಾಂಡುಗಳು ಇಂಥ ಕಡೆ ಹೊಸದನ್ನು ಹೇಗೆ ತಂದವು? ನಾವು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆ ಎರಡು ಮಾತು ಕೇಳಿ ನಿಮಗೆ ಸಮಾಧಾನವಾಗಿಲ್ಲ ಅಂದರೆ ನೀವು ಸರಿಯಾದ ಕಡೆಗೇ ಯೋಚಿಸುತ್ತಿದ್ದೀರಿ. ಬೆಲೆಯೂ ಮುಖ್ಯ, ತಂತ್ರಜ್ಞಾನವೂ ಮುಖ್ಯ. ಆದರೆ ಅವೆರಡೂ ಆಮೇಲೆ ಬರುವ ವಿಷಯ. ನೀವು ಹೋಗಬೇಕೆಂದಿರುವ ಜಾಗದಲ್ಲಿ ಜನ ಈಗಾಗಲೇ ಏನೋ ಒಂದು ಉಪಾಯ ಮಾಡಿಕೊಂಡಿರುತ್ತಾರೆ. ಅಂಗಡಿಯಲ್ಲಿ ಸಿಗುವ ವಸ್ತು ತಮ್ಮ ಬದುಕಿಗೆ ಹೊಂದದಿದ್ದಾಗ, ಕೈಗೆ ಸಿಕ್ಕಿದ್ದರಲ್ಲೇ ಹೇಗೋ ಕೆಲಸ ಸಾಗಿಸುತ್ತಾರಲ್ಲ, ಆ ಉಪಾಯ. ಇಂಥ ಮಾರುಕಟ್ಟೆಗಳಲ್ಲಿ ಗೆದ್ದ ಉತ್ಪನ್ನಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಬಹಳಷ್ಟರ ಬುಡದಲ್ಲಿ ಅಂಥದ್ದೊಂದು ಉಪಾಯ ಸಿಗುತ್ತದೆ. ನಾನು ಇಷ್ಟು ವರ್ಷ ಈ ಕೆಲಸ ಮಾಡಿ ಕಲಿತದ್ದರಲ್ಲಿ ಇದೇ ಮುಖ್ಯವಾದದ್ದು. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕೀನ್ಯಾದಲ್ಲಿ ಶುರುವಾದ, ಮೊಬೈಲ್‌ನಿಂದಲೇ ಹಣ ಕಳಿಸುವ ಎಂ-ಪೆಸಾ ಸೇವೆಯ ಹೆಸರು ನೀವು ಕೇಳಿಯೇ ಇರುತ್ತೀರಿ. ಅದನ್ನು ಮೊಬೈಲ್ ತಂತ್ರಜ್ಞಾನದ ಪವಾಡ ಅಂತ ಹೇಳಿ ಮುಗಿಸುವವರೇ ಜಾಸ್ತಿ. ಹತ್ತಿರ ಹೋಗಿ ನೋಡಿದರೆ ಕಾಣುವುದು ಬೇರೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಆಫ್ರಿಕಾದ ಎಷ್ಟೋ ಊರುಗಳಿಗೆ ಮೊಬೈಲ್ ಬಂತು, ಬ್ಯಾಂಕ್ ಬರಲಿಲ್ಲ. ಪಟ್ಟಣದಲ್ಲಿ ದುಡಿಯುವವರು ಊರಿಗೆ ದುಡ್ಡು ಕಳಿಸಬೇಕು. ಹೇಗೆ ಕಳಿಸುವುದು? ಉಗಾಂಡದಲ್ಲಿ ಜನ ಒಂದು ದಾರಿ ಕಂಡುಕೊಂಡರು. ಪಟ್ಟಣದಲ್ಲಿ ಒಂದು ರೀಚಾರ್ಜ್ ಕಾರ್ಡ್ ಕೊಳ್ಳುವುದು. ಅದರ ನಂಬರನ್ನು ತಮ್ಮ ಫೋನಿಗೆ ಹಾಕಿಕೊಳ್ಳದೆ, ಊರಿನಲ್ಲಿ ಫೋನ್ ಬೂತ್ ನಡೆಸುವವರಿಗೆ ಕರೆ ಮಾಡಿ ಓದಿ ಹೇಳುವುದು. ಬೂತಿನವರು ಆ ನಂಬರನ್ನು ತಮ್ಮ ಫೋನಿಗೆ ಹಾಕಿಕೊಂಡು, ಕಮಿಷನ್ ಹಿಡಿದು, ಉಳಿದದ್ದನ್ನು ಮನೆಯವರಿಗೆ ನಗದಾಗಿ ಕೊಡುವುದು. ಇದನ್ನು ಯಾವ ಕಂಪನಿಯೂ ಕೂತು ಯೋಜನೆ ಹಾಕಿರಲಿಲ್ಲ. ಟಾಕ್‌ಟೈಮ್ ತಾನಾಗಿಯೇ ದುಡ್ಡಾಗಿಬಿಟ್ಟಿತ್ತು.

ಪಕ್ಕದ ಕೀನ್ಯಾದಲ್ಲಿ ಮೊಬೈಲ್ ಕಂಪನಿಗಳಾದ ಸಫಾರಿಕಾಮ್ ಮತ್ತು ವೊಡಾಫೋನ್ 2005ರಲ್ಲಿ ಒಂದು ಪ್ರಯೋಗ ಶುರು ಮಾಡಿದವು. ಆಗ ಅವರ ತಲೆಯಲ್ಲಿದ್ದದ್ದು ಕಿರುಸಾಲ. ಸಾಲ ತೆಗೆದುಕೊಂಡವರು ಕಂತನ್ನು ಮೊಬೈಲ್‌ನಲ್ಲೇ ಕಟ್ಟಲಿ ಅಂತ. ಪ್ರಯೋಗಕ್ಕೆ ಸೇರಿಕೊಂಡವರು ಕಂತು ಕಟ್ಟಿದರು, ನಿಜ. ಜೊತೆಗೆ ಒಬ್ಬರಿಗೊಬ್ಬರು ಹಣ ಕಳಿಸಲೂ ಶುರು ಮಾಡಿದರು. ಬೇರೆ ತಂಡವಾಗಿದ್ದರೆ ಇದನ್ನು ದುರ್ಬಳಕೆ ಅಂತ ನಿಲ್ಲಿಸುತ್ತಿತ್ತೇನೋ. ಇವರು ಹಾಗೆ ಮಾಡಲಿಲ್ಲ. ಸಾಲದ ಯೋಚನೆಯನ್ನು ಬದಿಗಿಟ್ಟು, 2007ರ ಮಾರ್ಚ್‌ನಲ್ಲಿ 'ಮನೆಗೆ ಹಣ ಕಳಿಸಿ' ಎಂಬ ಒಂದೇ ಮಾತಿನೊಂದಿಗೆ ಸೇವೆಯನ್ನು ಹೊರತಂದರು. ಬಳಸಿದ ತಂತ್ರಜ್ಞಾನ ಯಾವುದು? ಸಿಮ್ ಕಾರ್ಡಿನೊಳಗೆ ಕೂರುವ ಒಂದು ಮೆನು, ಮತ್ತು ಎಸ್ಸೆಮ್ಮೆಸ್. ಇಂಟರ್ನೆಟ್ ಬೇಡ, ಸ್ಮಾರ್ಟ್‌ಫೋನ್ ಬೇಡ. ಹಣ ಕಟ್ಟಲು, ಬಿಡಿಸಿಕೊಳ್ಳಲು ಆಗಲೇ ರೀಚಾರ್ಜ್ ಮಾರುತ್ತಿದ್ದ ಅಂಗಡಿಯವರೇ ಏಜೆಂಟರು. ಜನ ಹೊಸದಾಗಿ ಕಲಿಯಬೇಕಾದದ್ದು ತೀರಾ ಕಡಿಮೆ ಇತ್ತು. ಗೆದ್ದದ್ದೂ ಅದಕ್ಕೇ.

ಇದರ ಇನ್ನೊಂದು ಮುಖವನ್ನು ನಿಮ್ಮ ಮೀಟಿಂಗ್‌ನಲ್ಲಿ ಖಂಡಿತ ಹೇಳಿ. ಅದೇ ಎಂ-ಪೆಸಾವನ್ನು 2010ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ತೆಗೆದುಕೊಂಡು ಹೋದರು. ಅಲ್ಲಿ ಓಡಲಿಲ್ಲ. 2014ರಲ್ಲಿ ಮತ್ತೆ ಹೊಸದಾಗಿ ಬಿಟ್ಟರು, ಆಗಲೂ ಓಡಲಿಲ್ಲ. 2016ರಲ್ಲಿ ಮುಚ್ಚಿದರು. ಅಲ್ಲಿ ಬ್ಯಾಂಕ್ ಖಾತೆ ಇದ್ದವರು ಬಹಳ ಜನ, ಬ್ಯಾಂಕಿನ ನಿಯಮಗಳೂ ಬಿಗಿ. ಕೀನ್ಯಾದವರನ್ನು ಕಾಡುತ್ತಿದ್ದ ಕಷ್ಟ ಅಲ್ಲಿ ಅದೇ ತೀವ್ರತೆಯಲ್ಲಿ ಇರಲೇ ಇಲ್ಲ. 'ಬೆಳೆಯುತ್ತಿರುವ ಮಾರುಕಟ್ಟೆ' ಅನ್ನುವ ಒಂದು ಪದದ ಕೆಳಗೆ ಇಷ್ಟು ಬೇರೆ ಬೇರೆ ಜಾಗಗಳು ಅಡಗಿರುತ್ತವೆ. ಒಂದು ಕಡೆ ಗೆದ್ದದ್ದನ್ನು ಪೆಟ್ಟಿಗೆಯಲ್ಲಿ ಹಾಕಿ ಇನ್ನೊಂದು ಕಡೆ ಇಳಿಸಿದರೆ ಆಗುವುದಿಲ್ಲ.

ಈಗ ವಸ್ತುಗಳ ಕಡೆ ಬರೋಣ, ನಿಮ್ಮದು ಯಂತ್ರದ ಕೆಲಸ ಅಲ್ವಾ. ಟ್ರಾನ್ಷನ್ ಎಂಬ ಚೀನಾದ ಮೊಬೈಲ್ ಫೋನ್ ಕಂಪನಿ ಇದೆ. ಟೆಕ್ನೋ, ಐಟೆಲ್, ಇನ್ಫಿನಿಕ್ಸ್ ಅದರ ಬ್ರ್ಯಾಂಡುಗಳು. 2006ರಲ್ಲಿ ಶುರುವಾದ ಈ ಕಂಪನಿ ಸ್ವಂತ ದೇಶದ ಮಾರುಕಟ್ಟೆಗೆ ತಲೆಹಾಕದೆ, ಆಫ್ರಿಕಾವನ್ನೇ ನೆಚ್ಚಿ ಬೆಳೆಯಿತು. ಆಗ ಅಲ್ಲಿನ ಜನರ ಕೈಯಲ್ಲಿ ಒಂದು ಫೋನ್, ಜೇಬಿನಲ್ಲಿ ಎರಡು ಮೂರು ಸಿಮ್. ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ಕರೆ ಮಾಡಿದರೆ ದುಬಾರಿ. ಅದಕ್ಕೆ ಯಾರಿಗೆ ಕರೆ ಮಾಡಬೇಕೋ ಆ ನೆಟ್‌ವರ್ಕ್‌ನ ಸಿಮ್ ಹಾಕಿಕೊಳ್ಳುತ್ತಿದ್ದರು. ದಿನಕ್ಕೆ ಎಷ್ಟು ಸಲ ಬ್ಯಾಟರಿ ಬಿಚ್ಚಿ ಸಿಮ್ ಬದಲಾಯಿಸುವುದು? ಟೆಕ್ನೋ ಎರಡು ಸಿಮ್ಮಿನ ಫೋನ್ ಕೊಟ್ಟಿತು, ನಾಲ್ಕು ಸಿಮ್ಮಿನದನ್ನೂ ತಂದಿತು. ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲದ ಕಡೆಗೆ ದೊಡ್ಡ ಬ್ಯಾಟರಿ ಕೊಟ್ಟಿತು. ಇಥಿಯೋಪಿಯಾದವರಿಗೆ ಅಮ್ಹಾರಿಕ್ ಭಾಷೆಯ ಕೀಲಿಮಣೆ ಕೊಟ್ಟಿತು.

ಇದೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಅವರ ಕ್ಯಾಮೆರಾ. ಕಪ್ಪು ಮೈಬಣ್ಣದವರು ಮಂದ ಬೆಳಕಿನಲ್ಲಿ ಫೋಟೊ ತೆಗೆದುಕೊಂಡರೆ ಉಳಿದ ಫೋನುಗಳಲ್ಲಿ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. ಆ ಕ್ಯಾಮೆರಾಗಳನ್ನು ಹೊಂದಿಸಿದ್ದೇ ತೆಳು ಮೈಬಣ್ಣಕ್ಕೆ. ಟೆಕ್ನೋ ತನ್ನ ಕ್ಯಾಮೆರಾದ ಸಾಫ್ಟ್‌ವೇರನ್ನು ಆಫ್ರಿಕಾದ ಜನರ ಮುಖಗಳಿಗೆ ತಕ್ಕಂತೆ ತಿದ್ದಿತು. ಯೋಚಿಸಿ: ಲಕ್ಷಾಂತರ ಜನ ಅದುವರೆಗೆ ತಮ್ಮ ಮುಖ ಸರಿಯಾಗಿ ಬಾರದ ಫೋನಿಗೆ ದುಡ್ಡು ಕೊಡುತ್ತಿದ್ದರು. ಇದನ್ನು ಸರಿಪಡಿಸಿದ್ದು ಬರೀ ತಂತ್ರಜ್ಞಾನದ ಸುಧಾರಣೆ ಅಂತ ನನಗೆ ಅನ್ನಿಸುವುದಿಲ್ಲ. ಅದು ಕೊಳ್ಳುವವರಿಗೆ ತೋರಿಸಿದ ಮರ್ಯಾದೆ.

ನಿಮ್ಮ ಕ್ಷೇತ್ರಕ್ಕೆ ಇನ್ನೂ ಹತ್ತಿರದ ಒಂದು ಉದಾಹರಣೆ ಹೈಯರ್ ಕಂಪನಿಯದು. 1990ರ ದಶಕದಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದ ಹಳ್ಳಿಗಳಿಂದ, ವಾಷಿಂಗ್ ಮಷೀನಿನ ನೀರು ಹೋಗುವ ಪೈಪ್ ಕಟ್ಟಿಕೊಳ್ಳುತ್ತದೆ ಅಂತ ದೂರು ಬಂತು. ರಿಪೇರಿಗೆ ಹೋದವರು ನೋಡಿದರೆ ಪೈಪಿನ ತುಂಬ ಮಣ್ಣು. ಅಲ್ಲಿನವರು ಅದರಲ್ಲಿ ಗೆಣಸು ತೊಳೆಯುತ್ತಿದ್ದರು. 'ಮಷೀನನ್ನು ಹೀಗೆಲ್ಲ ಬಳಸಬೇಡಿ' ಅಂತ ಬುದ್ಧಿ ಹೇಳಿ ಬರಬಹುದಿತ್ತು. ಹೈಯರ್ ಪೈಪನ್ನು ಅಗಲ ಮಾಡಿ, ಬಟ್ಟೆಯ ಜೊತೆ ಗೆಣಸನ್ನೂ ತೊಳೆಯುವ ಮಷೀನ್ ತಯಾರಿಸಿತು. ನಿಮ್ಮ ಸರ್ವಿಸ್ ವಿಭಾಗಕ್ಕೆ 'ಗ್ರಾಹಕರ ತಪ್ಪು ಬಳಕೆ' ಅಂತ ದಾಖಲಾದ ದೂರುಗಳು ಎಷ್ಟು ಬಂದಿವೆ? ಆ ಫೈಲನ್ನು ಮೊದಲು ತರಿಸಿ ಓದಿ. ನಿಮ್ಮ ಮುಂದಿನ ಉತ್ಪನ್ನ ಅದರೊಳಗೇ ಇರಬಹುದು.

ಸ್ಟೆಬಿಲೈಸರ್ ಕಥೆಯೂ ಹಾಗೇ. ವೋಲ್ಟೇಜ್ ಏರಿಳಿಯುವ ಕಡೆಗಳಲ್ಲಿ ಜನ ಫ್ರಿಜ್ಜಿನ ಪಕ್ಕ ಒಂದು ಸ್ಟೆಬಿಲೈಸರ್ ಡಬ್ಬ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಬೇರೆ ಖರ್ಚು. ಆಮೇಲೆ ಕಂಪನಿಗಳು ಆ ಏರಿಳಿತವನ್ನು ತಾಳಿಕೊಳ್ಳುವ ಶಕ್ತಿಯನ್ನು ಫ್ರಿಜ್ಜಿನೊಳಗೇ ತಂದವು. ಮನೆಯ ಇನ್ವರ್ಟರ್‌ ಮೇಲೆ ಓಡುವ ಫ್ರಿಜ್ಜುಗಳು ಬಂದವು. ಕರೆಂಟ್ ಹೋಗಿ ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯುವ ವಾಷಿಂಗ್ ಮಷೀನುಗಳು ಬಂದವು. ಮೊದಲು ಜನ ಮಾಡಿಕೊಂಡ ಉಪಾಯ, ಆಮೇಲೆ ಕಂಪನಿಯ ಉತ್ಪನ್ನ.

ಇನ್ನು ಬೆಲೆ. ಬೆಲೆ ಇಳಿಸುವುದು ಬೇರೆ, ಕೈಗೆಟುಕುವಂತೆ ಮಾಡುವುದು ಬೇರೆ. ಮೀಟಿಂಗ್‌ಗಳಲ್ಲಿ ಇವೆರಡನ್ನೂ ಒಂದೇ ಅಂತ ತಿಳಿದುಬಿಡುತ್ತಾರೆ.

ಮೆಕ್ಸಿಕೋದ ಸಿಮೆಂಟ್ ಕಂಪನಿ ಸೆಮೆಕ್ಸ್ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿತು. 1990ರ ದಶಕದ ನಡುವೆ ಆ ದೇಶದ ಆರ್ಥಿಕತೆ ಕುಸಿದಾಗ ದೊಡ್ಡ ಬಿಲ್ಡರುಗಳು ಸಿಮೆಂಟ್ ಕೊಳ್ಳುವುದು ತೀರಾ ಕಡಿಮೆಯಾಯಿತು. ಆದರೆ ತಮ್ಮ ಮನೆಯನ್ನು ತಾವೇ ಕಟ್ಟಿಕೊಳ್ಳುವ ಬಡವರು ಅಷ್ಟಾಗಿ ಕಡಿಮೆ ಮಾಡಲಿಲ್ಲ. ಯಾಕಿರಬಹುದು ಅಂತ ತಿಳಿಯಲು ಕಂಪನಿ ತನ್ನ ಜನರನ್ನು ಗ್ವಾದಲಹಾರಾ ನಗರದ ಬಡ ಬಡಾವಣೆಗಳಿಗೆ ಕಳಿಸಿತು. ನಮಗೆ ಇವರ ಬಗ್ಗೆ ಏನೂ ಗೊತ್ತಿಲ್ಲ ಅಂತ ಒಪ್ಪಿಕೊಂಡೇ ಹೋದರಂತೆ. ಅದು ದೊಡ್ಡ ಗುಣ. ಅಲ್ಲಿ ಕಂಡದ್ದು ಇದು: ಕುಟುಂಬಗಳು ಒಂದೊಂದೇ ಕೋಣೆ ಕಟ್ಟುತ್ತಿದ್ದವು. ಒಂದು ಕೋಣೆ ಮುಗಿಯಲು ಸುಮಾರು 4 ವರ್ಷ ಹಿಡಿಯುತ್ತಿತ್ತು. ದುಡ್ಡು ಬಂದಾಗ ಒಂದಿಷ್ಟು ಸಿಮೆಂಟ್, ಮರಳು ತಂದು ಹಾಕುವುದು. ಬಳಸುವಷ್ಟರಲ್ಲಿ ಅದರಲ್ಲಿ ಸ್ವಲ್ಪ ಮಳೆಗೆ ಹಾಳು, ಸ್ವಲ್ಪ ಕಳ್ಳರ ಪಾಲು. ಅಳತೆ ಗೊತ್ತಿಲ್ಲದೆ ತಂದದ್ದು ಒಂದಿಷ್ಟು ವ್ಯರ್ಥ. ಉಳಿತಾಯಕ್ಕೆ ಹೆಂಗಸರು ಸೇರಿ ಚೀಟಿ ಹಾಕುತ್ತಿದ್ದರು. ಆದರೆ ಚೀಟಿಯ ಹಣ ಕೈಗೆ ಬಂದಾಗ ಮನೆಯಲ್ಲಿ ಬೇರೆ ತುರ್ತು ಇದ್ದೇ ಇರುತ್ತಿತ್ತು.

1998ರಲ್ಲಿ ಸೆಮೆಕ್ಸ್ ಪಾತ್ರಿಮೋನಿಯೊ ಓಯ್ ಎಂಬ ಕಾರ್ಯಕ್ರಮ ಶುರು ಮಾಡಿತು. ಮೂವರು ಸೇರಿ ಒಂದು ಗುಂಪು, ವಾರಕ್ಕೊಂದು ಸಣ್ಣ ಕಂತು, ಒಟ್ಟು 70 ವಾರ. ಕಂಪನಿಯ ಕಡೆಯ ಆರ್ಕಿಟೆಕ್ಟ್ ಬಂದು ಎಲ್ಲಿ ಏನು ಕಟ್ಟಬೇಕು, ಎಷ್ಟು ಸಾಮಗ್ರಿ ಬೇಕು ಅಂತ ಹೇಳುತ್ತಿದ್ದರು. ಆಯಾ ಹಂತಕ್ಕೆ ಬೇಕಾದಷ್ಟು ಮಾತ್ರ ಮನೆ ಬಾಗಿಲಿಗೆ ಬರುತ್ತಿತ್ತು. ಬೆಲೆ ಮೊದಲಿನಿಂದ ಕೊನೆಯವರೆಗೆ ಒಂದೇ. ಕೋಣೆ ಮೊದಲಿಗಿಂತ ಎಷ್ಟೋ ಬೇಗ, ಕಡಿಮೆ ಖರ್ಚಿನಲ್ಲಿ ಏಳತೊಡಗಿತು. ಇದರಲ್ಲಿ ಸಿಮೆಂಟ್ ಅದೇ ಹಳೆಯ ಸಿಮೆಂಟ್. ಹೊಸದು ಇದ್ದದ್ದು ಕಂತಿನಲ್ಲಿ, ಸಲಹೆಯಲ್ಲಿ, ಸಾಗಣೆಯಲ್ಲಿ.

ಬರೀ ಬೆಲೆಯನ್ನೇ ಬ್ರ್ಯಾಂಡಿನ ಹೆಸರು ಮಾಡಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಟಾಟಾ ನ್ಯಾನೋ ಇದೆ. 2008ರ ಜನವರಿಯಲ್ಲಿ ಅದನ್ನು ಮೊದಲ ಸಲ ತೋರಿಸಿದಾಗ ಇಡೀ ಜಗತ್ತು ತಿರುಗಿ ನೋಡಿತು. ಒಂದು ಲಕ್ಷ ರೂಪಾಯಿಯ ಕಾರು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ನಿಜಕ್ಕೂ ದೊಡ್ಡ ಸಾಧನೆ, ಅದನ್ನು ಮಾಡಿದವರ ಬಗ್ಗೆ ನನಗೆ ಗೌರವವಿದೆ. ಸ್ಕೂಟರ್ ಮೇಲೆ ಇಡೀ ಸಂಸಾರ ಹೋಗುವುದನ್ನು ನೋಡಿ ಹುಟ್ಟಿದ ಯೋಚನೆ ಅದು. ಅಂದರೆ ಜನರ ಉಪಾಯವನ್ನು ಸರಿಯಾಗಿಯೇ ಗುರುತಿಸಿದ್ದರು. ತಪ್ಪಿದ್ದು ಮುಂದೆ. ಸ್ಕೂಟರ್ ಬಿಟ್ಟು ಕಾರು ಕೊಳ್ಳುವ ಮನೆಗೆ ಅದು ಮಹತ್ವದ ದಿನ. ನಾಲ್ಕು ಜನ ಬಂದು ನೋಡುತ್ತಾರೆ. ಅಂಥವರಿಗೆ 'ಜಗತ್ತಿನ ಅತಿ ಅಗ್ಗದ ಕಾರು' ಅಂತ ಹೇಳಿ ಮಾರಿದರೆ ಯಾರು ತಾನೇ ಹೆಮ್ಮೆಯಿಂದ ಕೊಳ್ಳುತ್ತಾರೆ? ಆ ಹಣೆಪಟ್ಟಿಯಿಂದ ಪೆಟ್ಟಾಯಿತು ಅಂತ ರತನ್ ಟಾಟಾ ಅವರೇ ಮುಂದೆ ಒಪ್ಪಿಕೊಂಡರು. ಶುರುವಿನಲ್ಲಿ ಕಾರ್ಖಾನೆಯನ್ನು ಪಶ್ಚಿಮ ಬಂಗಾಳದ ಸಿಂಗೂರಿನಿಂದ ಗುಜರಾತಿನ ಸಾನಂದಕ್ಕೆ ಸಾಗಿಸಬೇಕಾಗಿ ಬಂದದ್ದು, ಕೆಲವು ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿಗಳು ಕೂಡ ಕಾರಣವೇ. ವರ್ಷಕ್ಕೆ ಎರಡೂವರೆ ಲಕ್ಷ ಕಾರು ತಯಾರಿಸುವ ಕಾರ್ಖಾನೆ ಅಷ್ಟನ್ನು ಯಾವತ್ತೂ ಮಾರಲಿಲ್ಲ. 2018ರ ಹೊತ್ತಿಗೆ ತಯಾರಿಕೆ ನಿಂತಿತು.

ಹಾಗಾದರೆ ಬೆಲೆ ಇಳಿಸಿ ಗೆದ್ದವರಿಲ್ಲವೇ? ಇದ್ದಾರೆ. ಅಮೆರಿಕದ ಜಿಇ ಕಂಪನಿಯ ಇಸಿಜಿ ಯಂತ್ರವನ್ನು ನೋಡಿ. ದೊಡ್ಡ ಆಸ್ಪತ್ರೆಗಳ ಇಸಿಜಿ ಯಂತ್ರ ಭಾರ, ದುಬಾರಿ, ಸದಾ ಕರೆಂಟ್ ಬೇಕು. ಹಳ್ಳಿಯ ರೋಗಿ ಅದರ ಹತ್ತಿರ ಬರುವುದೇ ಕಷ್ಟ. ಬೆಂಗಳೂರಿನ ಜಿಇ ಎಂಜಿನಿಯರುಗಳು 2007ರಲ್ಲಿ ಹೊರತಂದ ಮ್ಯಾಕ್ 400 ಸುಮಾರು 1.3 ಕಿಲೋ ತೂಗುತ್ತಿತ್ತು. ಬ್ಯಾಟರಿ ಮೇಲೆ ಓಡುತ್ತಿತ್ತು, ಗುಂಡಿಗಳು ನಾಲ್ಕಾರು ಅಷ್ಟೇ. ಚೀಲದಲ್ಲಿ ಹಾಕಿಕೊಂಡು ರೋಗಿ ಇರುವಲ್ಲಿಗೇ ಹೋಗಬಹುದು. ಮುದ್ರಿಸುವ ಭಾಗಕ್ಕೆ ಅವರು ಬಸ್ ಟಿಕೆಟ್ ಯಂತ್ರದ ಪ್ರಿಂಟರನ್ನು ಒಗ್ಗಿಸಿಕೊಂಡರು. ಈ ವಿವರ ನನಗೆ ಬಹಳ ಇಷ್ಟ. ಕಂಡಕ್ಟರ್ ಕೈಯಲ್ಲಿ ದೂಳು, ಬಿಸಿಲು, ಕುಲುಕಾಟ ಎಲ್ಲವನ್ನೂ ತಾಳಿಕೊಂಡು ದಿನವಿಡೀ ಕೆಲಸ ಮಾಡುವ ಯಂತ್ರ ಅದು. ಹಳ್ಳಿಯ ದಾರಿಗೆ ಅದಕ್ಕಿಂತ ಚೆನ್ನಾಗಿ ಪಳಗಿದ ಪ್ರಿಂಟರ್ ಎಲ್ಲಿ ಸಿಗುತ್ತದೆ? ಬೆಲೆಯೂ ಇಳಿಯಿತು. ಆದರೆ ಇಳಿದದ್ದು ಗುಣಮಟ್ಟ ಕತ್ತರಿಸಿದ್ದರಿಂದ ಅಲ್ಲ, ಕೆಲಸ ನಡೆಯುವ ಜಾಗವನ್ನು ನೋಡಿ ಮೊದಲಿನಿಂದ ಯೋಚಿಸಿದ್ದರಿಂದ. ಅದರ ಮುಂದಿನ ಮಾದರಿ ಅಮೆರಿಕದಲ್ಲೂ ಮಾರಾಟವಾಯಿತು.

ಹೀಗೆ ಉಲ್ಟಾ ಹರಿದು ಹೋದದ್ದು ಇನ್ನೂ ಇವೆ. ಊಬರ್ 2015ರಲ್ಲಿ ಹೈದರಾಬಾದಿನಲ್ಲಿ ನಗದು ತೆಗೆದುಕೊಳ್ಳಲು ಶುರು ಮಾಡಿ, ಆಮೇಲೆ ಬೇರೆ ಎಷ್ಟೋ ದೇಶಗಳಿಗೆ ಅದನ್ನು ವಿಸ್ತರಿಸಿತು. ನೆಟ್‌ಫ್ಲಿಕ್ಸ್ 2019ರಲ್ಲಿ ಮೊಬೈಲಿಗೆ ಮಾತ್ರ ಸೀಮಿತವಾದ ಪ್ಲಾನನ್ನು ಭಾರತದಲ್ಲಿ ತಂದು, ನಂತರ ಮಲೇಷ್ಯಾ, ಇಂಡೊನೇಷ್ಯಾಗಳಿಗೆ ಕೊಂಡೊಯ್ದಿತು. ಡ್ರೋನ್‌ನಲ್ಲಿ ರಕ್ತ ತಲುಪಿಸುವ ಜಿಪ್‌ಲೈನ್ 2016ರಲ್ಲಿ ಶುರುವಾದದ್ದು ಗುಡ್ಡಗಾಡಿನ ರುವಾಂಡದಲ್ಲಿ. ಅಮೆರಿಕದಲ್ಲಿ ವಾಲ್‌ಮಾರ್ಟ್ ಜೊತೆ ಮನೆಮನೆಗೆ ಸಾಮಾನು ತಲುಪಿಸಲು ಶುರು ಮಾಡಿದ್ದು ಐದು ವರ್ಷ ಆದ ಮೇಲೆ. ಹೊಸ ಮಾರುಕಟ್ಟೆಗೆ ಹೋಗುವುದು ಬರೀ ಖರ್ಚು ಅಂತ ನಿಮ್ಮಲ್ಲಿ ಯಾರಾದರೂ ಹೇಳಿದರೆ ಇವುಗಳನ್ನು ಮುಂದಿಡಿ.

ಈಗ ಹೊಸ ತಂತ್ರಜ್ಞಾನದ ಮಾತು. ನಾನು ಅದರ ವಿರೋಧಿ ಅಂದುಕೊಳ್ಳಬೇಡಿ. ಸರಿಯಾದ ಜಾಗದಲ್ಲಿ ಕೂತರೆ ಅದು ಎಂಥ ಕೆಲಸ ಮಾಡುತ್ತದೆ ಅನ್ನುವುದಕ್ಕೆ, ಯುಪಿಐ ಹಣ ಬಂದಾಗ ಕೂಗಿ ಹೇಳುವ ಆ ಸಣ್ಣ ಡಬ್ಬವೇ ಸಾಕ್ಷಿ. ಯುಪಿಐ 2016ರಲ್ಲಿ ಬಂತು. ಕ್ಯೂಆರ್ ಕೋಡ್ ಎಲ್ಲ ಕಡೆ ಅಂಟಿಕೊಂಡಿತು. ಆದರೆ ಗಿರಾಕಿಗಳ ಗದ್ದಲದಲ್ಲಿ ವ್ಯಾಪಾರಿಯ ಎರಡೂ ಕೈ ಕೆಲಸದಲ್ಲಿರುತ್ತವೆ. ಎಸ್ಸೆಮ್ಮೆಸ್ ಬಂತೋ ಇಲ್ಲವೋ ಅಂತ ಪ್ರತಿ ಸಲ ಫೋನ್ ತೆಗೆದು ನೋಡುವುದು ಆಗದ ಮಾತು. ಕೆಲವರು ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಹೋಗಿಬಿಡುತ್ತಿದ್ದರು. ಅದಕ್ಕೆ ವ್ಯಾಪಾರಿಗಳು ಏನು ಮಾಡುತ್ತಿದ್ದರು? 'ಬಂತಾ?' ಅಂತ ಮನೆಯವರನ್ನು ಕೂಗಿ ಕೇಳುತ್ತಿದ್ದರು, ಗಿರಾಕಿಯ ಫೋನನ್ನು ಇಸಿದುಕೊಂಡು ನೋಡುತ್ತಿದ್ದರು. 2019ರಲ್ಲಿ ಪೇಟಿಎಂ ಸೌಂಡ್‌ಬಾಕ್ಸ್ ತಂದಿತು. ಅದರೊಳಗೆ ಅದರದೇ ಸಿಮ್ ಇರುತ್ತದೆ. ಹಣ ಬಂದ ಕೂಡಲೇ ಎಷ್ಟು ಬಂತು ಅಂತ ವ್ಯಾಪಾರಿಯ ಭಾಷೆಯಲ್ಲೇ ಗಟ್ಟಿಯಾಗಿ ಹೇಳುತ್ತದೆ. ಓದಬೇಕಾಗಿಲ್ಲ, ಮುಟ್ಟಬೇಕಾಗಿಲ್ಲ, ತಿರುಗಿ ನೋಡಬೇಕಾಗಿಲ್ಲ. ಗಿರಾಕಿಗೂ ಕೇಳುತ್ತದೆ, ಹಾಗಾಗಿ ವಾದವೇ ಇಲ್ಲ. ತಾಂತ್ರಿಕವಾಗಿ ಅದರಲ್ಲಿ ಏನೂ ಬೆರಗಿನದ್ದಿಲ್ಲ, ಒಂದು ಸ್ಪೀಕರ್ ಅಷ್ಟೇ. ಆದರೆ 'ಬಂತಾ?' ಅನ್ನುವ ಆ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟಿತು.

ಮಿಸ್ಡ್ ಕಾಲ್ ಕೂಡ ಇದೇ ಜಾತಿಯದು. ದುಡ್ಡು ಉಳಿಸಲು ಜನ ಕಂಡುಕೊಂಡದ್ದು. ಒಂದು ರಿಂಗ್ ಕೊಟ್ಟು ಇಟ್ಟರೆ 'ತಲುಪಿದೆ' ಅಂತ ಅರ್ಥ, ಎರಡು ರಿಂಗಾದರೆ 'ನೀನೇ ಕರೆ ಮಾಡು'. ಹಿಂದೂಸ್ತಾನ್ ಯೂನಿಲಿವರ್ 2013ರಲ್ಲಿ ಬಿಹಾರ, ಜಾರ್ಖಂಡಿನಲ್ಲಿ 'ಕಾನ್ ಖಜೂರಾ ಟೇಸನ್' ಶುರು ಮಾಡಿತು. ಟಿವಿ ಇಲ್ಲದ, ಕರೆಂಟ್ ನಿಲ್ಲದ ಊರುಗಳವು. ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಕರೆ ಬರುತ್ತದೆ, ಉಚಿತವಾಗಿ ಹಾಡು, ಹಾಸ್ಯ ಕೇಳಬಹುದು, ನಡುವೆ ಕಂಪನಿಯ ಜಾಹೀರಾತು. ಫೋನೇ ರೇಡಿಯೋ ಆಯಿತು.

ಎಐ ವಿಷಯಕ್ಕೆ ಬಂದರೆ, ಇಂಥ ಮಾರುಕಟ್ಟೆಗಳಲ್ಲಿ ಅದರಿಂದ ದೊಡ್ಡ ಉಪಯೋಗ ಇರುವುದು ಮಾತಿನಲ್ಲಿ ಅಂತ ನನ್ನ ನಂಬಿಕೆ. ಟೈಪ್ ಮಾಡಲು ಬಾರದವರು, ತಮ್ಮ ಲಿಪಿಯ ಕೀಲಿಮಣೆಯಿಂದ ಬೇಸತ್ತವರು ಆಗಲೇ ಒಂದು ಉಪಾಯ ಕಂಡುಕೊಂಡಿದ್ದಾರೆ. ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ನಿಮ್ಮ ಯಂತ್ರ ಕೆಟ್ಟಾಗ ಅವರು ಬೇರೆ ಭಾಷೆಯ ಮ್ಯಾನುವಲ್ ತೆರೆಯುವುದಿಲ್ಲ, 'ಒಂದನ್ನು ಒತ್ತಿ, ಎರಡನ್ನು ಒತ್ತಿ' ಅನ್ನುವ ಕಾಲ್ ಸೆಂಟರಿನಲ್ಲಿ ಕಾಯುವುದಿಲ್ಲ. ತಮ್ಮ ಮಾತಿನಲ್ಲೇ 'ಸದ್ದು ಬರ್ತಿದೆ, ಆದ್ರೆ ತಿರುಗ್ತಿಲ್ಲ' ಅಂತ ಹೇಳಿ ಕಳಿಸುವುದು ಸಾಧ್ಯವಾದರೆ ಎಷ್ಟು ಸುಲಭ! ಹೇಳಿದ್ದನ್ನು ಅರ್ಥ ಮಾಡಿಕೊಂಡು, ಸರಿಯಾದ ಮೆಕ್ಯಾನಿಕ್‌ಗೆ, ಸರಿಯಾದ ಬಿಡಿಭಾಗದ ಜೊತೆ ತಲುಪಿಸುವ ಕೆಲಸವನ್ನು ಎಐ ಮಾಡಬಲ್ಲದು. ಭಾರತ ಸರ್ಕಾರದ ಭಾಷಿಣಿ, ಐಐಟಿ ಮದ್ರಾಸ್‌ನ ಎಐ4ಭಾರತ್ ಇಲ್ಲಿನ ಭಾಷೆಗಳಿಗೆ ಇಂಥ ಮಾತಿನ ತಂತ್ರಜ್ಞಾನವನ್ನು ಕಟ್ಟುತ್ತಿವೆ. ಬೇರೆ ದೇಶಗಳಲ್ಲೂ ಇಂಥ ಕೆಲಸ ನಡೆಯುತ್ತಿದೆ.

ಎಚ್ಚರವೂ ಬೇಕು. ಪುಸ್ತಕದ ಭಾಷೆಯನ್ನು ಚೆನ್ನಾಗಿ ಹಿಡಿಯುವ ವ್ಯವಸ್ಥೆ ಆಡುಮಾತಿನಲ್ಲಿ, ಪಕ್ಕದಲ್ಲಿ ಮಗು ಅಳುವ ಸದ್ದಿನ ನಡುವೆ ತಪ್ಪುತ್ತದೆ. ಹಾಗಾಗಿ ಅಲ್ಲಿಯವರ ದನಿಯಲ್ಲೇ ಪರೀಕ್ಷೆ ಮಾಡಿ. ಎಐ ತಪ್ಪು ಹೇಳಿದರೆ ಹೊಣೆ ಬ್ರ್ಯಾಂಡಿನದ್ದೇ. ಏರ್ ಕೆನಡಾ ವಿಮಾನ ಕಂಪನಿಯ ಚಾಟ್‌ಬಾಟ್ ಒಬ್ಬ ಪ್ರಯಾಣಿಕರಿಗೆ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ, ಅಲ್ಲಿನ ನ್ಯಾಯಮಂಡಳಿ 2024ರಲ್ಲಿ ಕಂಪನಿಯಿಂದಲೇ ಪರಿಹಾರ ಕೊಡಿಸಿತು. ಅಂಥ ತಪ್ಪಿನಿಂದ ನಷ್ಟವಾದರೆ, ಕೈಯಲ್ಲಿ ಒಂದೇ ತಿಂಗಳ ಉಳಿತಾಯ ಇರುವ ಮನೆಗೆ ಅದನ್ನು ತಡೆದುಕೊಳ್ಳುವುದು ಕಷ್ಟ. ಅವರು ಕೋರ್ಟಿಗೆ ಹೋಗುವುದಿಲ್ಲ, ಸುಮ್ನೆ ಇನ್ನೊಮ್ಮೆ ನಿಮ್ಮ ವಸ್ತು ಕೊಳ್ಳುವುದಿಲ್ಲ.

ನಾನೇ ಭಾಗಿಯಾಗಿದ್ದ ಒಂದು ತಪ್ಪನ್ನು ಹೇಳಬೇಕು. ಒಂದು ಕಂಪನಿಗೆ ವಾರಂಟಿ ನೋಂದಣಿಯ ಆ್ಯಪ್ ಮಾಡಿಸಿದ್ದೆವು. ಡಬ್ಬದ ಮೇಲಿನ ಕೋಡ್ ಸ್ಕ್ಯಾನ್ ಮಾಡಿ, ಹೆಸರು, ನಂಬರ್ ಹಾಕಿದರೆ ಆಯಿತು. ಮೂರು ತಿಂಗಳಲ್ಲಿ ನೋಂದಣಿ ಚೆನ್ನಾಗಿ ಬಂತು, ಎಲ್ಲರಿಗೂ ಖುಷಿ. ಆಮೇಲೆ ಗಮನಿಸಿದರೆ, ಒಂದೊಂದು ಮೊಬೈಲ್ ನಂಬರಿನಲ್ಲಿ ಎಪ್ಪತ್ತು, ಎಂಬತ್ತು ಯಂತ್ರ ನೋಂದಣಿಯಾಗಿದ್ದವು. ಅಂಥ ಒಂದು ನಂಬರಿನ ಬೆನ್ನು ಹತ್ತಿ ಹೋದೆ. ಅದು ಡೀಲರ್‌ ಅವರದು. ಗ್ರಾಹಕರ ಫೋನಿನಲ್ಲಿ ಆ್ಯಪ್‌ಗೆ ಜಾಗ ಇರಲಿಲ್ಲ, ಒಟಿಪಿ ಅಂದರೆ ಹೆದರಿಕೆ ಬೇರೆ. ಹಾಗಾಗಿ ಅವರು ಎಲ್ಲವನ್ನೂ ತಮ್ಮ ನಂಬರಿನಲ್ಲೇ ಮಾಡಿಬಿಟ್ಟಿದ್ದರು. ಸರ್ವಿಸ್ ನೆನಪಿಸುವ ಸಂದೇಶಗಳೆಲ್ಲ ಅವರೊಬ್ಬರಿಗೇ ಬಂದು ಬೀಳುತ್ತಿದ್ದವು.

ಅವರು ಡ್ರಾಯರ್ ಎಳೆದು ಒಂದು ಉದ್ದನೆಯ ನೋಟ್‌ಬುಕ್ ತೆಗೆದರು. ಯಾರು, ಯಾವ ದಿನ, ಯಾವ ಮಾಡೆಲ್, ಮನೆ ಎಲ್ಲಿ, ಕೊನೆಗೆ ಯಾರ ಮಗಳ ಮದುವೆಗೆ ತೆಗೆದುಕೊಂಡದ್ದು ಅನ್ನುವವರೆಗೆ ಬರೆದಿಟ್ಟಿದ್ದರು. ಕೆಟ್ಟಾಗ ಜನ ಬರುತ್ತಿದ್ದದ್ದೂ ಆ ನೋಟ್‌ಬುಕ್ಕಿನ ಹತ್ತಿರವೇ. ನಮಗೆ ಬೇಕಾಗಿದ್ದ ವ್ಯವಸ್ಥೆ ಪೂರ್ತಿಯಾಗಿ ಅಲ್ಲೇ ಇತ್ತು. ನಾವು ಅದನ್ನು ನೋಡದೆ ಪಕ್ಕದಲ್ಲಿ ಇನ್ನೊಂದನ್ನು ಕಟ್ಟಿದ್ದೆವು. ಆಮೇಲೆ ಆ ಆ್ಯಪನ್ನು ಡೀಲರಿಗಾಗಿ ತಿರುಗಿಸಿ ಬರೆಸಿದೆವು. ನೋಟ್‌ಬುಕ್ಕಿನ ಪುಟದ ಫೋಟೊ ತೆಗೆದರೆ ಸಾಕು, ಉಳಿದದ್ದನ್ನು ಕಂಪ್ಯೂಟರ್ ಓದಿಕೊಳ್ಳುತ್ತಿತ್ತು. ಪ್ರತಿ ನೋಂದಣಿಗೆ ಅವರಿಗೆ ಒಂದಿಷ್ಟು ಹಣವೂ ಹೋಗುತ್ತಿತ್ತು. ಅವತ್ತಿನಿಂದ ಯಾವ ಊರಿಗೆ ಹೋದರೂ ನಾನು ಮೊದಲು ಕೇಳುವುದು, 'ನೀವು ಇದನ್ನು ಎಲ್ಲಿ ಬರೆದಿಡುತ್ತೀರಿ?' ಅಂತ.

ಒಂದು ವಿಷಯವನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಉಪಾಯವನ್ನು ಉತ್ಪನ್ನ ಮಾಡುವಾಗ ಜನರ ಮೇಲೆ ಬೀಳುವ ಭಾರವನ್ನೂ ಲೆಕ್ಕ ಹಾಕಬೇಕು. ಸ್ಯಾಷೆ, ಅಂದರೆ ಸಣ್ಣ ಪೊಟ್ಟಣವನ್ನೇ ತೆಗೆದುಕೊಳ್ಳಿ. ದಿನಗೂಲಿಯವರಿಗೂ ಶಾಂಪೂ ಎಟುಕುವಂತೆ ಮಾಡಿದ್ದು ಅದು. ಕ್ಯಾವಿನ್‌ಕೇರ್‌ನ ಚಿಕ್ ಶಾಂಪೂ ಬೆಳೆದದ್ದೇ ಸ್ಯಾಷೆಯ ಮೇಲೆ. ಆದರೆ ಹಲವು ಪದರಗಳ ಆ ಪ್ಲಾಸ್ಟಿಕನ್ನು ಮರುಬಳಕೆ ಮಾಡುವುದು ಬಹಳ ಕಷ್ಟ. ಅದು ಇವತ್ತಿಗೂ ಎಷ್ಟೋ ದೇಶಗಳ ಚರಂಡಿ, ನದಿಗಳಲ್ಲಿದೆ. ಕೀನ್ಯಾದ ಎಂ-ಕೋಪಾ ಕಂಪನಿ ಸೋಲಾರ್ ದೀಪವನ್ನು ದಿನದ ಕಂತಿನಲ್ಲಿ, ಎಂ-ಪೆಸಾ ಮೂಲಕ ಕೊಡಲು ಶುರು ಮಾಡಿತು. ಸೀಮೆಎಣ್ಣೆಗೆ ದಿನಾ ಚಿಲ್ಲರೆ ಕೊಡುತ್ತಿದ್ದ ಮನೆಗೆ ಇದು ಸರಿಯಾಗಿ ಹೊಂದಿತು. ಆದರೆ ಕಂತು ನಿಂತರೆ ಯಂತ್ರ ದೂರದಿಂದಲೇ ಬಂದ್ ಆಗುತ್ತಿತ್ತು. ನೀವು ಇಂಥದ್ದನ್ನು ಮಾಡುವುದಾದರೆ ಕಾಯಿಲೆ ಬಿದ್ದ ವಾರ, ಕೂಲಿ ಸಿಗದ ವಾರ ಏನು ಮಾಡುತ್ತೀರಿ ಅನ್ನುವುದನ್ನು ಬಿಡುಗಡೆಗೆ ಮೊದಲೇ ತೀರ್ಮಾನಿಸಿ.

ನೀವು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ. ಹೋಗಬೇಕೆಂದಿರುವ ದೇಶಗಳಲ್ಲಿ ಒಂದನ್ನು ಆರಿಸಿಕೊಳ್ಳಿ, ಎಲ್ಲವನ್ನೂ ಒಟ್ಟಿಗೆ ಬೇಡ. ಅಲ್ಲಿ ನಿಮ್ಮದಾಗಲಿ, ಪ್ರತಿಸ್ಪರ್ಧಿಗಳದಾಗಲಿ ಯಂತ್ರ ರಿಪೇರಿ ಮಾಡುವವರನ್ನು ಹುಡುಕಿ, ಎರಡು ವಾರ ಅವರ ಜೊತೆ ಮನೆಮನೆಗೆ ಹೋಗಿ. ಬ್ರ್ಯಾಂಡ್ ವಿಭಾಗದವರು ಒಬ್ಬರು, ಎಂಜಿನಿಯರ್ ಒಬ್ಬರು ಒಟ್ಟಿಗೇ ಇರಲಿ, ವರದಿ ಬರೆದು ಕಳಿಸುವುದರಿಂದ ಆಗುವುದಿಲ್ಲ. ಯಂತ್ರದ ಕೆಳಗೆ ಏನು ಇಟ್ಟಿದ್ದಾರೆ,ಮೇಲೆ ಏನು ಹೊದಿಸಿದ್ದಾರೆ, ಯಾವ ಗುಂಡಿಯ ಮೇಲೆ ಟೇಪ್ ಅಂಟಿಸಿದ್ದಾರೆ, ಯಾವ ಭಾಗವನ್ನು ಡಬ್ಬದಿಂದ ತೆಗೆದೇ ಇಲ್ಲ, ಇದನ್ನೆಲ್ಲ ಮನೆಯವರ ಒಪ್ಪಿಗೆ ಪಡೆದು ಫೋಟೊ ತೆಗೆಯಿರಿ. ದುಡ್ಡು ಹೇಗೆ ಹೊಂದಿಸಿದರು, ಕೆಟ್ಟಾಗ ಯಾರಿಗೆ ಮೊದಲು ಹೇಳಿದರು ಅಂತ ಕೇಳಿ. ಬೆಲೆಯ ಮಾತು, ಎಐ ಮಾತು ಆ ಎರಡು ವಾರ ಎತ್ತಲೇ ಬೇಡಿ.

ವಾಪಸ್ ಬಂದು ಆ ಫೋಟೊಗಳನ್ನು ಮೀಟಿಂಗ್ ಕೋಣೆಯ ಗೋಡೆಗೆ ಅಂಟಿಸಿ. ಒಂದೇ ಥರದ ಉಪಾಯ ಐದಾರು ಮನೆಗಳಲ್ಲಿ ಕಂಡಿದ್ದರೆ, ನಿಮ್ಮ ಎಂಜಿನಿಯರ್ ಅದಕ್ಕೆ ಒಂದು ಕಚ್ಚಾ ಮಾದರಿ ಮಾಡಲಿ. ಅದನ್ನು ಹಿಡಿದುಕೊಂಡು ಅದೇ ಮನೆಗಳಿಗೆ ಮತ್ತೆ ಹೋಗಿ. ಒಂದು ತಿಂಗಳು ಅಲ್ಲೇ ಬಿಟ್ಟು ಬನ್ನಿ. ವಾಪಸ್ ಕೇಳಲು ಹೋದಾಗ ಕೊಡಲು ಮನಸ್ಸಿಲ್ಲದೆ 'ಇನ್ನೊಂದು ವಾರ ಇರಲಿ' ಅಂದರೆ, ಎಷ್ಟು ಬೆಲೆ, ಯಾವ ತಂತ್ರಜ್ಞಾನ ಅನ್ನುವ ಚರ್ಚೆಯನ್ನು ಅಲ್ಲಿಂದ ಶುರು ಮಾಡಬಹುದು.